ತತ್ತ್ವಜ್ಞಾನಿಗಳು ಮನುಷ್ಯದ್ವೇಷಿಗಳಾದದ್ದು: ಗ್ರೀಕ್, ರೋಮನ್ ಲೇಖಕರು ಕಂಡ ಯಹೂದಿಗಳು

ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಹೆಸರು ನಮಗೆ ಶಾಲೆಯ ದಿನಗಳಿಂದ ಪರಿಚಿತ. ಅವನ ‘ಇಂಡಿಕಾ’ ಇಡಿಯಾಗಿ ಉಳಿದು ಬಂದಿಲ್ಲ. ಮುಂದಿನ ಲೇಖಕರು ಎತ್ತಿಕೊಟ್ಟ ತುಣುಕುಗಳಷ್ಟೇ ಸಿಕ್ಕಿವೆ. ಅಂಥ ಒಂದು ತುಣುಕನ್ನು ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಕ್ಲೆಮೆಂಟ್ ಉಳಿಸಿಕೊಟ್ಟಿದ್ದಾನೆ. ಪ್ರಕೃತಿಯ ಬಗ್ಗೆ ಗ್ರೀಕರ ಪೂರ್ವಿಕರು ಹೇಳಿದ್ದನ್ನೆಲ್ಲ ಗ್ರೀಸಿನ ಹೊರಗಿನ ಜ್ಞಾನಿಗಳೂ ಹೇಳಿದ್ದಾರೆ, ಭಾರತದಲ್ಲಿ ಬ್ರಾಹ್ಮಣರು, ಸಿರಿಯದಲ್ಲಿ ಯಹೂದಿಗಳು ಎಂಬುದು ಅದರ ಸಾರ. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಜಗತ್ತು ಯಹೂದಿಗಳ ಬಗ್ಗೆ ಆಡಿದ ಮೊದಮೊದಲ ಮಾತುಗಳಲ್ಲಿ ಇದೂ ಒಂದು. ಅದು ಗೌರವದ ಮಾತು.

ಆ ಕಾಲದಲ್ಲಿ ಹಾಗೆ ಬರೆದವನು ಮೆಗಸ್ತನೀಸ್ ಒಬ್ಬನೇ ಅಲ್ಲ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಯಹೂದಿಗಳನ್ನು ಹುಟ್ಟಾ ತತ್ತ್ವಜ್ಞಾನಿಗಳ ಕುಲವೆಂದು ಬಣ್ಣಿಸಿದ; ರಾತ್ರಿಯಲ್ಲಿ ನಕ್ಷತ್ರಗಳನ್ನು ನೋಡುತ್ತ ದೈವದ ವಿಚಾರ ಮಾತಾಡುವವರು ಎಂದ. ಅರಿಸ್ಟಾಟಲನ ಇನ್ನೊಬ್ಬ ಶಿಷ್ಯ, ಸೋಲಿಯ ಕ್ಲಿಯಾರ್ಕಸ್, ತನ್ನ ಗುರು ಏಷ್ಯಾ ಮೈನರ್‌ನಲ್ಲಿ ಒಬ್ಬ ಯಹೂದಿಯನ್ನು ಭೇಟಿಯಾದ ಕಥೆ ಬರೆದಿದ್ದಾನೆ. ಆ ಯಹೂದಿ ಭಾಷೆಯಲ್ಲಷ್ಟೇ ಅಲ್ಲ, ಮನಸ್ಸಿನಲ್ಲೂ ಗ್ರೀಕನಾಗಿದ್ದನಂತೆ. ಅಲ್ಲಿ ಅರಿಸ್ಟಾಟಲನ ಬಾಯಿಂದ ಬರುವ ಮಾತು ಭಾರತೀಯ ಓದುಗರನ್ನು ಬೆರಗುಗೊಳಿಸುವಂಥದ್ದು: ಯಹೂದಿಗಳು ಭಾರತದ ತತ್ತ್ವಜ್ಞಾನಿಗಳ ವಂಶಜರು, ಅಲ್ಲಿ ಅವರಿಗೆ ಕಲನೋಯ್ ಎಂದು ಹೆಸರು, ಸಿರಿಯದಲ್ಲಿ ಯಹೂದಿಗಳೆಂದು. ಅಲೆಕ್ಸಾಂಡರನ ದಂಡಿನ ಜೊತೆ ಹೊರಟು, ಪರ್ಷಿಯದಲ್ಲಿ ತಾನೇ ಚಿತೆಯೇರಿದ ಕಲನಸ್ ಎಂಬ ಸನ್ಯಾಸಿಯ ನೆನಪು ಈ ಹೆಸರಿನ ಹಿಂದಿದೆ. ಭೇಟಿ ನಿಜವಾಗಿ ನಡೆಯಿತೆಂದು ಇಂದಿನ ವಿದ್ವಾಂಸರು ಹೆಚ್ಚಾಗಿ ನಂಬುವುದಿಲ್ಲ. ಆದರೆ ಕಥೆ ಕಟ್ಟಿದವನ ಮನಸ್ಸು ಅದರಲ್ಲಿ ಸ್ಪಷ್ಟವಾಗಿದೆ.

ಅಲೆಕ್ಸಾಂಡರನ ದಂಡಯಾತ್ರೆ ಪೂರ್ವದ ಬಾಗಿಲನ್ನು ತೆರೆದಿತ್ತು. ಗ್ರೀಕರು ಅಲ್ಲಿ ಪ್ರಾಚೀನ ಜ್ಞಾನವನ್ನು ಕಾಪಾಡಿಕೊಂಡು ಬಂದ ಪುರೋಹಿತ ಕುಲಗಳನ್ನು ಹುಡುಕುತ್ತಿದ್ದರು. ವಿಗ್ರಹವಿಲ್ಲದೆ ಒಬ್ಬನೇ ದೇವರನ್ನು ಪೂಜಿಸುವ, ಅರಸನಿಗಿಂತ ಅರ್ಚಕನ ಮಾತಿಗೆ ತಲೆಬಾಗುವ ಜೆರುಸಲೇಮಿನ ಜನ ಆ ಹುಡುಕಾಟಕ್ಕೆ ಚೆನ್ನಾಗಿ ಹೊಂದಿಕೊಂಡರು. ದೂರದ ಬೆಟ್ಟ ನುಣ್ಣಗೆ ಕಂಡ ಕಾಲ ಅದು. ಮುಂದಿನ ನಾಲ್ಕು ಶತಮಾನಗಳಲ್ಲಿ ಯಹೂದಿಗಳ ಆಚಾರಗಳು ಬಹುಮಟ್ಟಿಗೆ ಅವೇ ಉಳಿದವು. ಆದರೆ ಅವನ್ನು ನೋಡುವ ಕಣ್ಣು ಬದಲಾಯಿತು. ಹೊಗಳಿಕೆಗೆ ಕಾರಣವಾಗಿದ್ದ ಆಚಾರಗಳೇ ಆರೋಪಪಟ್ಟಿಗೆ ಸೇರಿದವು.

ಈಜಿಪ್ಟಿನಲ್ಲಿ ಮಗುಚಿದ ಕಥೆ

ಬದಲಾವಣೆಯ ಮೊದಲ ಎಳೆ ಹೊಗಳಿಕೆಯ ನಡುವೆಯೇ ಸಿಗುತ್ತದೆ. ಈಜಿಪ್ಟನ್ನು ಆಳತೊಡಗಿದ ಮೊದಲನೇ ಟಾಲೆಮಿಯ ಕಾಲದಲ್ಲಿ ಅಬ್ಡೆರದ ಹೆಕಟೇಯಸ್ ಆ ದೇಶದ ಚರಿತ್ರೆ ಬರೆದ. ಅವನ ಪ್ರಕಾರ, ಹಿಂದೊಮ್ಮೆ ಈಜಿಪ್ಟಿಗೆ ಪಿಡುಗು ಬಡಿಯಿತು. ಪರದೇಶಿಗಳು ಹೆಚ್ಚಾಗಿ ದೇವರ ಪೂಜೆ ಕೆಟ್ಟದ್ದೇ ಕಾರಣವೆಂದು ಬಗೆದ ಜನ ಅವರನ್ನು ಹೊರಗಟ್ಟಿದರು. ಡನಾಯಸ್, ಕ್ಯಾಡ್ಮಸ್ ಎಂಬ ನಾಯಕರ ಹಿಂದೆ ಕೆಲವರು ಗ್ರೀಸಿಗೆ ಹೋದರು. ಹೆಚ್ಚಿನವರು ಮೋಶೆಯ ಹಿಂದೆ ಜುಡೇಯಕ್ಕೆ ಬಂದರು. ಮೋಶೆಯನ್ನು ಹೆಕಟೇಯಸ್ ವಿವೇಕಿ, ಧೈರ್ಯವಂತ ಎಂದು ಕೊಂಡಾಡುತ್ತಾನೆ. ಅವನು ನಗರ ಕಟ್ಟಿದ, ಕಾನೂನು ಮಾಡಿದ, ದೇವರಿಗೆ ಮನುಷ್ಯರೂಪವಿಲ್ಲವೆಂದು ವಿಗ್ರಹಗಳನ್ನು ಬೇಡವೆಂದ. ಆದರೆ ತಮ್ಮನ್ನು ಹೊರಹಾಕಿದ ನೋವಿನಿಂದಾಗಿ, ಜನರೊಡನೆ ಬೆರೆಯದ, ಅಪರಿಚಿತರನ್ನು ಸಹಿಸದ ಬಾಳ್ವೆಯನ್ನೂ ಅವರಿಗೆ ಕಲಿಸಿದ ಎಂಬ ಒಂದು ವಾಕ್ಯ ನಡುವೆ ಬಂದುಬಿಡುತ್ತದೆ. ಹೆಕಟೇಯಸನಿಗೆ ಅದು ಸಹಾನುಭೂತಿಯಿಂದ ಕೊಟ್ಟ ವಿವರಣೆ. ಅವನ ನಂತರದವರಿಗೆ ಅದೇ ಮುಖ್ಯ ಆಪಾದನೆಯಾಯಿತು.

ಮುಂದಿನ ತಲೆಮಾರುಗಳಲ್ಲಿ ಅಲೆಕ್ಸಾಂಡ್ರಿಯಕ್ಕೆ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು. ಕ್ರಿ.ಪೂ. 3ನೇ ಶತಮಾನದಲ್ಲಿ ಅವರ ಧರ್ಮಗ್ರಂಥ ಅಲ್ಲಿಯೇ ಗ್ರೀಕ್ ಭಾಷೆಗೆ ಬರತೊಡಗಿತು. ಗುಲಾಮರಾಗಿದ್ದ ಇಸ್ರೇಲರನ್ನು ದೇವರು ಬಿಡಿಸಿದ, ಫೆರೋನನ ಸೇನೆ ಸಮುದ್ರದ ಪಾಲಾಯಿತು ಎಂಬುದು ಆ ಗ್ರಂಥದ ಹೃದಯ. ಪ್ರತಿವರ್ಷ ಪಾಸ್ಕ ಹಬ್ಬದಲ್ಲಿ ಯಹೂದಿಗಳು ಅದನ್ನು ನೆನೆಯುತ್ತಾರೆ. ಈಜಿಪ್ಟಿನವರ ಪಾಲಿಗೆ ಅದು ತಮ್ಮ ನೆಲದಲ್ಲೇ ತಮ್ಮ ಸೋಲನ್ನು ಹಾಡುವ ಕಥೆ.

ಈ ಕಥೆಯನ್ನು ತಲೆಕೆಳಗು ಮಾಡಿದಂತಿರುವ ಇನ್ನೊಂದು ಕಥೆ ಮನೆಥೊ ಎಂಬ ಈಜಿಪ್ಟಿನ ಪುರೋಹಿತನ ಹೆಸರಿನಲ್ಲಿದೆ. ಅಮೆನೋಫಿಸ್ ಎಂಬ ಅರಸ ಕುಷ್ಠ ಮೊದಲಾದ ರೋಗ ಹಿಡಿದ 80,000 ಜನರನ್ನು ನೈಲ್ ನದಿಯ ಪೂರ್ವದ ಕಲ್ಲುಗಣಿಗಳಿಗೆ ದೂಡಿದ. ಅವರು ಹೀಲಿಯೊಪೊಲಿಸ್ಸಿನ ಒಸಾರ್ಸೆಫ್ ಎಂಬ ಅರ್ಚಕನನ್ನು ನಾಯಕನನ್ನಾಗಿ ಆರಿಸಿಕೊಂಡರು. ದೇವರುಗಳಿಗೆ ಕೈಮುಗಿಯಬೇಡಿ, ಪವಿತ್ರ ಪ್ರಾಣಿಗಳನ್ನು ಕೊಂದು ತಿನ್ನಿ, ನಮ್ಮವರಲ್ಲದವರ ಜೊತೆ ಸೇರಬೇಡಿ ಎಂದು ಅವನು ವಿಧಿಸಿದ. ಜೆರುಸಲೇಮಿನಿಂದ ಜನರನ್ನು ಕರೆಸಿಕೊಂಡು ಹದಿಮೂರು ವರ್ಷ ದೇಶವನ್ನು ಹಿಂಸಿಸಿದ. ಕೊನೆಗೆ ಎಲ್ಲರೂ ಸಿರಿಯದವರೆಗೆ ಓಡಿಸಲ್ಪಟ್ಟರು. ಆ ಒಸಾರ್ಸೆಫನೇ ಹೆಸರು ಬದಲಿಸಿಕೊಂಡು ಮೋಶೆಯಾದನೆಂದು ಕಥೆ ಮುಗಿಯುತ್ತದೆ. ವಿಮೋಚನೆ ಇಲ್ಲಿ ಉಚ್ಚಾಟನೆಯಾಗಿದೆ. ದೇವರು ಆರಿಸಿಕೊಂಡ ಜನ ರೋಗಿಷ್ಠರಾಗಿದ್ದಾರೆ.

ಮೋಶೆಯ ಹೆಸರನ್ನು ಮನೆಥೊ ತಾನೇ ಬರೆದನೋ, ಮುಂದಿನವರು ಸೇರಿಸಿದರೋ ಎಂಬ ಬಗ್ಗೆ ಚರ್ಚೆ ಮುಗಿದಿಲ್ಲ. ಇದು ಬೈಬಲ್ ಕಥೆಗೆ ಕೊಟ್ಟ ಪ್ರತ್ಯುತ್ತರ ಎನ್ನುವವರಿದ್ದಾರೆ. ಹಳೆಯ ದೇವತೆಗಳನ್ನು ಬದಿಗೊತ್ತಿದ ಅಖೆನಾತೆನ್ ಅರಸನ ಕಹಿ ನೆನಪು ಹೀಗೆ ಉಳಿದಿತ್ತು ಎಂದು ಜರ್ಮನ್ ವಿದ್ವಾಂಸ ಯಾನ್ ಆಸ್ಮನ್ ವಾದಿಸಿದ್ದಾರೆ. ಕ್ರಿ.ಪೂ. 410ರಲ್ಲಿ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯಹೂದಿ ದೇವಾಲಯವನ್ನು ಖ್ನೂಮ್ ದೇವರ ಅರ್ಚಕರ ಪ್ರೇರಣೆಯಿಂದ ಕೆಡವಲಾಗಿತ್ತು. ಆದ್ದರಿಂದ ಹಗೆಯ ಬೇರು ಗ್ರೀಕರಿಗಿಂತ ಹಳೆಯದು, ಅದು ಈಜಿಪ್ಟಿನದು ಎಂದು ಪೀಟರ್ ಶೇಫರ್ ಅವರಂಥವರು ಹೇಳುತ್ತಾರೆ. ಮೂಲ ಎಲ್ಲಿಯದಾದರೂ ಆಗಲಿ, ಗ್ರೀಕ್ ಭಾಷೆಗೆ ಒಮ್ಮೆ ಇಳಿದ ಮೇಲೆ ಈ ಕಥೆಯನ್ನು ಯಾರೂ ತಡೆಯಲಾಗಲಿಲ್ಲ. ಮುಂದಿನ ಲೇಖಕರಲ್ಲಿ ಲೈಸಿಮಾಕಸ್ ಅದನ್ನು ಹೇಳಿದ, ಖೈರೆಮನ್ ಹೇಳಿದ, ಅಪಿಯನ್ ಹೇಳಿದ.

ಬಂಡಾಯ ಮತ್ತು ರಾಜ್ಯ

ಎರಡನೆಯ ತಿರುವು ಜುಡೇಯದಲ್ಲಿ. ಕ್ರಿ.ಪೂ. 167ರಲ್ಲಿ ಸೆಲ್ಯೂಕಸ್ ವಂಶದ ಅರಸ ನಾಲ್ಕನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಗ್ರೀಕ್ ದೇವರ ಗುಡಿಯಾಗಿಸಿದ; ಸಬ್ಬತ್ ವಿಶ್ರಾಂತಿಯನ್ನೂ ಸುನ್ನತಿಯನ್ನೂ ನಿಷೇಧಿಸಿದ. ಮಕ್ಕಬಿ ಸಹೋದರರು ಬಂಡೆದ್ದರು. ಕ್ರಿ.ಪೂ. 164ರಲ್ಲಿ ದೇವಾಲಯ ಶುದ್ಧಿಯಾಯಿತು. ಇಂದಿಗೂ ಹನುಕ್ಕ ಹಬ್ಬ ಆ ದಿನದ ನೆನಪು. ಬಂಡಾಯದಿಂದ ಹುಟ್ಟಿದ ಹಸ್ಮೋನಿಯ ರಾಜ್ಯ ಮುಂದೆ ತಾನೇ ದಂಡೆತ್ತಿ ಹೋಗತೊಡಗಿತು. ಅದನ್ನು ಆಳಿದ ಜಾನ್ ಹಿರ್ಕೇನಸ್ ನೆರೆಯ ಇದುಮೇಯರನ್ನು ಗೆದ್ದು, ಸುನ್ನತಿ ಮಾಡಿಸಿಕೊಂಡರಷ್ಟೇ ನೆಲದಲ್ಲಿ ಉಳಿಯಲು ಬಿಟ್ಟ. ಕರಾವಳಿಯ ಗ್ರೀಕ್ ಪಟ್ಟಣಗಳು ಹೆದರಿದವು.

ಆ ಹೆದರಿಕೆ ಬರಹಕ್ಕೂ ಇಳಿಯಿತು. ಕ್ರಿ.ಪೂ. 134ರ ಸುಮಾರಿಗೆ ಏಳನೇ ಆಂಟಿಯೋಕಸ್ ಜೆರುಸಲೇಮನ್ನು ಮುತ್ತಿದಾಗ, ಈ ಜನ ಬೇರೆ ಯಾರೊಡನೆಯೂ ಬೆರೆಯದೆ ಎಲ್ಲರನ್ನೂ ಶತ್ರುಗಳೆಂದೇ ಕಾಣುತ್ತಾರೆ, ಇವರನ್ನು ಬೇರುಸಹಿತ ಕಿತ್ತುಹಾಕಬೇಕು ಎಂದು ಅವನ ಸಲಹೆಗಾರರು ಒತ್ತಾಯಿಸಿದರೆಂದು ಸಿಸಿಲಿಯ ಡಿಯೊಡೊರಸ್ ದಾಖಲಿಸುತ್ತಾನೆ. ಕುಷ್ಠರೋಗಿಗಳ ಹಳೆಯ ಕಥೆಯನ್ನೇ ಅವರು ಸಾಕ್ಷ್ಯವಾಗಿ ತಂದರು. ಅರಸ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಪ್ಪಕಾಣಿಕೆ ಪಡೆದು, ಕೋಟೆಗೋಡೆ ಕೆಡವಿಸಿ ಹೊರಟುಹೋದ. ಆದರೆ ಕಥೆಯ ಕೆಲಸ ಎಂಥದ್ದೆಂದು ಇಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಪುರಾಣದಂತೆ ಹುಟ್ಟಿದ್ದು ಒಂದು ಜನಾಂಗವನ್ನು ಅಳಿಸುವ ಸಲಹೆಗೆ ಆಧಾರವಾಗಿ ನಿಂತಿತ್ತು.

ಇದೇ ಕಾಲದ ಗ್ರೀಕ್ ಲೇಖಕ ಅಗಥಾರ್ಕಿಡೀಸ್ ಸಬ್ಬತ್ತನ್ನು ಮೂಢನಂಬಿಕೆ ಎಂದ. ಏಳನೆಯ ದಿನ ಆಯುಧ ಮುಟ್ಟದೆ ಕುಳಿತದ್ದರಿಂದಲೇ ಜೆರುಸಲೇಮ್ ಟಾಲೆಮಿಯ ಕೈಸೇರಿತೆಂದು ಅವನ ವಾದ. ರೋಡ್ಸ್ ದ್ವೀಪದ ವಾಗ್ಮಿ ಅಪೊಲೊನಿಯಸ್ ಮೊಲೊನ್ ಯಹೂದಿಗಳು ನಾಸ್ತಿಕರು, ಮನುಷ್ಯದ್ವೇಷಿಗಳು ಎಂದ. ವಿಗ್ರಹವಿಲ್ಲದ ದೇವರನ್ನು ಪೂಜಿಸುವವರು ನಾಸ್ತಿಕರಾದರು. ತಮ್ಮ ಊಟದ ನಿಯಮವನ್ನು ಬಿಡದವರು ಮನುಕುಲದ ವೈರಿಗಳಾದರು. ಈ ಮೊಲೊನನ ಬಳಿ ವಾಕ್ಕಲೆ ಕಲಿತವರಲ್ಲಿ ಸಿಸಿರೊ ಮತ್ತು ಜೂಲಿಯಸ್ ಸೀಸರ್ ಇಬ್ಬರೂ ಇದ್ದರು.

ರೋಮಿನ ಎರಡು ಮನಸ್ಸು

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಜೆರುಸಲೇಮನ್ನು ಹಿಡಿದ. ಮುಖ್ಯ ಅರ್ಚಕನ ಹೊರತು ಯಾರೂ ಕಾಲಿಡದ ಗರ್ಭಗುಡಿಗೆ ನುಗ್ಗಿದ. ಅಲ್ಲಿ ವಿಗ್ರಹ ಇರಲಿಲ್ಲ. ನಾಲ್ಕು ವರ್ಷಗಳ ನಂತರ ಸಿಸಿರೊ, ಏಷ್ಯಾ ಪ್ರಾಂತದ ಮಾಜಿ ಅಧಿಕಾರಿ ಫ್ಲಾಕಸ್‌ನ ಪರವಾಗಿ ವಕಾಲತ್ತು ವಹಿಸಿದ. ಯಹೂದಿಗಳು ದೇವಾಲಯಕ್ಕೆ ಕಳಿಸುತ್ತಿದ್ದ ಚಿನ್ನವನ್ನು ಮುಟ್ಟುಗೋಲು ಹಾಕಿಕೊಂಡದ್ದು ಫ್ಲಾಕಸ್‌ನ ಮೇಲಿದ್ದ ಆರೋಪಗಳಲ್ಲಿ ಒಂದು. ಸಿಸಿರೊ ಅವರ ಧರ್ಮವನ್ನು ಬರ್ಬರರ ಮೌಢ್ಯವೆಂದು ಕರೆದ. ಅವರ ಒಗ್ಗಟ್ಟು, ಸಭೆಗಳಲ್ಲಿ ಅವರ ಪ್ರಭಾವ ಎಷ್ಟೆಂದು ಎಚ್ಚರಿಸಿದ. ಅವರ ಸೋಲೇ ದೇವರುಗಳ ಒಲವು ಅವರ ಮೇಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದ. ತನ್ನ ಕಕ್ಷಿದಾರನನ್ನು ಉಳಿಸಲು ವಕೀಲನೊಬ್ಬ ಆಡಿದ ಮಾತು ಅದು. ಆದರೂ ಸಿಸಿರೊನ ಲೇಖನಿಯಿಂದ ಬಂದದ್ದೆಂಬ ಕಾರಣಕ್ಕೆ ಶತಮಾನಗಳ ಕಾಲ ವಿದ್ಯಾರ್ಥಿಗಳು ಅದನ್ನು ಓದಿದರು.

ಅದೇ ಪೀಳಿಗೆಯ ಮಹಾಪಂಡಿತ ವಾರೊನ ನೋಟ ಬೇರೆ. ರೋಮನ್ನರೂ ಮೊದಲ 170 ವರ್ಷ ವಿಗ್ರಹಗಳಿಲ್ಲದೆ ಪೂಜಿಸುತ್ತಿದ್ದರು, ಹಾಗೆಯೇ ಮುಂದುವರಿದಿದ್ದರೆ ಭಕ್ತಿ ಇನ್ನಷ್ಟು ಶುದ್ಧವಾಗಿರುತ್ತಿತ್ತು ಎಂದು ವಾದಿಸುತ್ತ ಅವನು ಯಹೂದಿಗಳನ್ನೇ ಉದಾಹರಿಸಿದ. ಭೂಗೋಳಕಾರ ಸ್ಟ್ರಾಬೊ ಮೋಶೆಯ ದೈವಚಿಂತನೆಯನ್ನು ಮೆಚ್ಚಿ, ಅವನ ನಂತರ ಬಂದವರು ಮೌಢ್ಯಕ್ಕೂ ದಬ್ಬಾಳಿಕೆಗೂ ಇಳಿದರೆಂದು ದೂರಿದ. ಸೀಸರ್ ಮತ್ತು ಅಗಸ್ಟಸ್ ಯಹೂದಿಗಳ ಹಳೆಯ ಆಚಾರಗಳಿಗೆ ರಕ್ಷಣೆ ಕೊಟ್ಟರು. ರೋಮಿನಲ್ಲಿ ಧಾನ್ಯ ಹಂಚುವ ದಿನ ಸಬ್ಬತ್ ಬಂದರೆ ಯಹೂದಿಗಳ ಪಾಲನ್ನು ಮರುದಿನ ಕೊಡುವ ಏರ್ಪಾಡು ಅಗಸ್ಟಸ್‌ನ ಕಾಲದಲ್ಲಿತ್ತೆಂದು ಅಲೆಕ್ಸಾಂಡ್ರಿಯದ ಯಹೂದಿ ತತ್ತ್ವಜ್ಞಾನಿ ಫೈಲೊ ಬರೆಯುತ್ತಾನೆ.

ರೋಮಿನ ಬರಹಗಾರರನ್ನು ಕೆಣಕಿದ್ದು ಯಹೂದಿ ಧರ್ಮದ ವಿಚಿತ್ರತೆಗಿಂತ ಹೆಚ್ಚಾಗಿ ಅದರ ಸೆಳೆತ. ಎಷ್ಟೋ ರೋಮನ್ ಕುಟುಂಬಗಳು ಸಬ್ಬತ್ ಆಚರಿಸತೊಡಗಿದ್ದವು, ಹಂದಿಮಾಂಸ ಬಿಟ್ಟವರಿದ್ದರು, ಪೂರ್ತಿ ಮತಾಂತರವಾದವರೂ ಇದ್ದರು. ಕ್ರಿ.ಶ. 19ರಲ್ಲಿ ಚಕ್ರವರ್ತಿ ಟೈಬೀರಿಯಸ್ ಯಹೂದಿಗಳನ್ನು ರೋಮಿನಿಂದ ಹೊರಹಾಕಿ, ಅವರಲ್ಲಿ 4,000 ಯುವಕರನ್ನು ಸೈನ್ಯದ ಸೇವೆಗೆಂದು ಸಾರ್ಡಿನಿಯ ದ್ವೀಪಕ್ಕೆ ಅಟ್ಟಿದ. ಏಳು ದಿನಕ್ಕೊಂದು ದಿನ ಸುಮ್ಮನಿದ್ದರೆ ಬದುಕಿನ ಏಳನೇ ಒಂದು ಪಾಲು ವ್ಯರ್ಥವಾಗುತ್ತದೆಂದು ತತ್ತ್ವಜ್ಞಾನಿ ಸೆನೆಕ ಲೆಕ್ಕ ಹಾಕಿದ. ಸೋತವರ ಪದ್ಧತಿಗಳೇ ಗೆದ್ದವರನ್ನು ಆಳುವಂತಾಯಿತಲ್ಲ ಎಂದು ನೊಂದುಕೊಂಡ. ಸಬ್ಬತ್ ಪಾಲಿಸುವ ಅಪ್ಪನ ಮಗ ಸುನ್ನತಿ ಮಾಡಿಸಿಕೊಂಡು ರೋಮಿನ ಕಾನೂನನ್ನೇ ಧಿಕ್ಕರಿಸುತ್ತಾನೆಂದು ಕವಿ ಜುವೆನಲ್ ವಿಡಂಬಿಸಿದ. ತಮ್ಮ ಮಕ್ಕಳು ಪರರ ಧರ್ಮಕ್ಕೆ ಒಲಿಯುವರೆಂಬ ಆತಂಕ ಈ ಸಾಲುಗಳಲ್ಲೆಲ್ಲ ಇದೆ.

ಅಲೆಕ್ಸಾಂಡ್ರಿಯ, ಕ್ರಿ.ಶ. 38

ಮಾತು ನೆತ್ತರಾದದ್ದು ಅಲೆಕ್ಸಾಂಡ್ರಿಯದಲ್ಲಿ. ನಗರದ ಐದು ಭಾಗಗಳಲ್ಲಿ ಎರಡಕ್ಕೆ ಯಹೂದಿ ಕೇರಿಗಳೆಂದೇ ಹೆಸರಿತ್ತು. ಈಜಿಪ್ಟ್ ರೋಮಿನ ಕೈಸೇರಿದ ಮೇಲೆ ತಲೆಗಂದಾಯ ಬಂದಿತು. ಗ್ರೀಕ್ ಪೌರರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಯಾರು ಪೌರರು, ಯಾರು ಅಲ್ಲ ಎಂಬ ಪ್ರಶ್ನೆ ಹೀಗೆ ಹಣದ, ಮಾನದ ಪ್ರಶ್ನೆಯಾಯಿತು. ಸ್ವಾತಂತ್ರ್ಯ ಕಳೆದುಕೊಂಡ ಗ್ರೀಕರಿಗೆ ಯಹೂದಿಗಳು ರೋಮಿನ ಮುದ್ದಿನವರಾಗಿ ಕಂಡರು. ಸ್ಥಳೀಯ ಈಜಿಪ್ಟಿಯನ್ನರಿಗೆ ಹಳೆಯ ಹಗೆ ಇದ್ದೇ ಇತ್ತು.

ಕ್ರಿ.ಶ. 38ರ ಬೇಸಿಗೆಯಲ್ಲಿ ಯಹೂದಿ ಅರಸ ಅಗ್ರಿಪ್ಪ ನಗರಕ್ಕೆ ಬಂದ. ಅವನನ್ನು ಅಣಕಿಸಲು ಜನ ಕರಬಸ್ ಎಂಬ ಬುದ್ಧಿಭ್ರಮಣೆಯ ಬಡವನಿಗೆ ಕಾಗದದ ಕಿರೀಟ ತೊಡಿಸಿ ಮೆರವಣಿಗೆ ನಡೆಸಿದರು. ಆ ಮೇಲೆ ಪ್ರಾರ್ಥನಾ ಮಂದಿರಗಳಿಗೆ ನುಗ್ಗಿ ಚಕ್ರವರ್ತಿ ಕ್ಯಾಲಿಗುಲನ ಪ್ರತಿಮೆಗಳನ್ನು ಇಟ್ಟರು. ರೋಮಿನ ಪ್ರಾಂತಾಧಿಕಾರಿ ಔಲಸ್ ಅವಿಲಿಯಸ್ ಫ್ಲಾಕಸ್ ಅದನ್ನು ತಡೆಯಲಿಲ್ಲ. ಯಹೂದಿಗಳು ಈ ನಗರದಲ್ಲಿ ಪರದೇಶಿಗಳು ಎಂದೇ ಘೋಷಿಸಿದ. ಅವರನ್ನು ಒಂದೇ ಕೇರಿಗೆ ಒತ್ತರಿಸಲಾಯಿತು. ಮನೆ, ಅಂಗಡಿಗಳ ಲೂಟಿಯಾಯಿತು. ಎಷ್ಟೋ ಜನರನ್ನು ಬೀದಿಯಲ್ಲಿ ಕೊಂದರು, ಸುಟ್ಟರು. ಹಿರಿಯರ ಸಭೆಯ 38 ಮಂದಿಯನ್ನು ರಂಗಮಂದಿರಕ್ಕೆ ಎಳೆತಂದು ಚಾಟಿಯಿಂದ ಹೊಡೆದರು. ಇದನ್ನೆಲ್ಲ ಆ ನಗರದವನೇ ಆದ ತತ್ತ್ವಜ್ಞಾನಿ ಫೈಲೊ ಬರೆದಿಟ್ಟಿದ್ದಾನೆ. ಪ್ಲೇಟೊನನ್ನು ಅರಗಿಸಿಕೊಂಡಿದ್ದ, ಗ್ರೀಕ್ ಭಾಷೆಯಲ್ಲೇ ಯೋಚಿಸುತ್ತಿದ್ದ ಈ ಯಹೂದಿ, ಕ್ಲಿಯಾರ್ಕಸ್ ಕಲ್ಪಿಸಿದ್ದ ಮನಸ್ಸಿನಲ್ಲೂ ಗ್ರೀಕನಾದ ಯಹೂದಿಯ ಜೀವಂತ ರೂಪ. ಅವನ ನೆರೆಯವರು ಅವನನ್ನು ಹಾಗೆ ಕಾಣಲು ಸಿದ್ಧರಿರಲಿಲ್ಲ.

ಎರಡೂ ಕಡೆಯವರು ಚಕ್ರವರ್ತಿಯ ಬಳಿಗೆ ನಿಯೋಗ ಕಳಿಸಿದರು. ಯಹೂದಿಗಳ ಮುಂದಾಳು ಫೈಲೊ. ಗ್ರೀಕರ ಕಡೆಯಲ್ಲಿ ಹೋಮರನ ವ್ಯಾಖ್ಯಾನಕ್ಕೆ ಹೆಸರಾದ ಪಂಡಿತ ಅಪಿಯನ್. ಕ್ಯಾಲಿಗುಲ ಉದ್ಯಾನದ ಕಟ್ಟಡಗಳನ್ನು ನೋಡುತ್ತ ಅಲೆದಾಡುವ ನಡುವೆ, ನೀವು ಹಂದಿ ಏಕೆ ತಿನ್ನುವುದಿಲ್ಲ ಎಂದು ಕೇಳಿದ. ಎದುರು ಪಕ್ಷದವರು ನಕ್ಕರು. ಅಷ್ಟರಲ್ಲಿ ಜೆರುಸಲೇಮಿನ ದೇವಾಲಯದಲ್ಲಿ ತನ್ನ ವಿಗ್ರಹ ನಿಲ್ಲಿಸಲು ಅವನು ಆಜ್ಞೆ ಮಾಡಿದ್ದ. ಸಿರಿಯದ ಅಧಿಕಾರಿ ಪೆಟ್ರೋನಿಯಸ್ ಬೇಕೆಂದೇ ತಡ ಮಾಡಿದ. ಕ್ರಿ.ಶ. 41ರ ಜನವರಿಯಲ್ಲಿ ಕ್ಯಾಲಿಗುಲ ಕೊಲೆಯಾದದ್ದರಿಂದ ದೊಡ್ಡ ಯುದ್ಧವೊಂದು ಮುಂದಕ್ಕೆ ಹೋಯಿತು. ಹೊಸ ಚಕ್ರವರ್ತಿ ಕ್ಲಾಡಿಯಸ್ ಅಲೆಕ್ಸಾಂಡ್ರಿಯದವರಿಗೆ ಬರೆದ ಪತ್ರದ ಪ್ರತಿ ಪಪೈರಸ್ ಹಾಳೆಯಲ್ಲಿ ಉಳಿದಿದೆ. ಯಹೂದಿಗಳ ಆಚಾರಕ್ಕೆ ಅಡ್ಡಿ ಮಾಡಬೇಡಿ ಎಂದು ಗ್ರೀಕರಿಗೆ ಹೇಳಿದ ಅವನು, ನಿಮ್ಮದಲ್ಲದ ನಗರದಲ್ಲಿ ಇದ್ದುದಕ್ಕಿಂತ ಹೆಚ್ಚಿಗೆ ಆಸೆಪಡಬೇಡಿ ಎಂದು ಯಹೂದಿಗಳಿಗೆ ಹೇಳಿದ. ತಲೆತಲಾಂತರದಿಂದ ಅಲ್ಲೇ ಬಾಳಿದವರಿಗೆ ಊರು ನಿಮ್ಮದಲ್ಲ ಎಂಬ ತೀರ್ಪು ಅದು.

ಅಪಿಯನ್ ಹರಡಿದ ಕಥೆಗಳು ಈ ಜಗಳದ ಅತ್ಯಂತ ವಿಷಮಯ ಫಲ. ದೇವಾಲಯದಲ್ಲಿ ಚಿನ್ನದ ಕತ್ತೆತಲೆ ಪೂಜೆಯಾಗುತ್ತದೆ ಎಂದ. ಪ್ರತಿವರ್ಷ ಒಬ್ಬ ಗ್ರೀಕನನ್ನು ಹಿಡಿದು, ಕೂಡಿಹಾಕಿ ಕೊಬ್ಬಿಸಿ, ಕಾಡಿನಲ್ಲಿ ಕೊಂದು ಅವನ ಕರುಳಿನ ರುಚಿ ನೋಡಿ, ಗ್ರೀಕರ ಮೇಲೆ ಹಗೆಯ ಪ್ರಮಾಣ ಮಾಡುತ್ತಾರೆ ಎಂದ.

ಜೋಸೆಫಸ್ ಮತ್ತು ಟ್ಯಾಸಿಟಸ್

ಕ್ರಿ.ಶ. 66ರಲ್ಲಿ ಜುಡೇಯ ರೋಮಿನ ವಿರುದ್ಧ ಎದ್ದಿತು. 70ರಲ್ಲಿ ಟೈಟಸ್ ಜೆರುಸಲೇಮನ್ನು ಹಿಡಿದಾಗ ದೇವಾಲಯ ಬೆಂಕಿಗೆ ಆಹುತಿಯಾಯಿತು. ಅದಕ್ಕೆ ಸಲ್ಲುತ್ತಿದ್ದ ವಾರ್ಷಿಕ ಕಾಣಿಕೆಯನ್ನು ಇನ್ನು ಮುಂದೆ ರೋಮಿನ ಜುಪಿಟರ್ ದೇವಾಲಯಕ್ಕೆ ಕಟ್ಟಬೇಕೆಂದು ಸಾಮ್ರಾಜ್ಯದ ಎಲ್ಲ ಯಹೂದಿಗಳ ಮೇಲೆ ತೆರಿಗೆ ಬಿತ್ತು. ಚಕ್ರವರ್ತಿ ಡೊಮಿಷಿಯನ್ ಕಾಲದಲ್ಲಿ ಆ ತೆರಿಗೆಗಾಗಿ ತೊಂಬತ್ತು ವರ್ಷದ ಮುದುಕನೊಬ್ಬನ ಬಟ್ಟೆ ಬಿಚ್ಚಿಸಿ ಸುನ್ನತಿ ಆಗಿದೆಯೇ ಎಂದು ಸಭೆಯ ಮುಂದೆ ಪರೀಕ್ಷಿಸಿದ್ದನ್ನು ತಾನು ಹುಡುಗನಾಗಿದ್ದಾಗ ಕಂಡೆನೆಂದು ರೋಮನ್ ಲೇಖಕ ಸ್ವಿಟೋನಿಯಸ್ ಬರೆದಿದ್ದಾನೆ.

ಈ ಯುದ್ಧದಲ್ಲಿ ಗಲಿಲಾಯದ ಸೇನಾಪತಿಯಾಗಿದ್ದು, ಸೆರೆಯಾಗಿ, ಕೊನೆಗೆ ರೋಮಿನಲ್ಲಿ ಚಕ್ರವರ್ತಿಗಳ ಆಶ್ರಯ ಪಡೆದ ಜೋಸೆಫಸ್‌ನನ್ನು ದ್ರೋಹಿ ಎಂದವರು ಬಹಳ. ಆದರೆ 1ನೇ ಶತಮಾನದ ಕೊನೆಯಲ್ಲಿ ಅವನು ಬರೆದ ‘ಅಪಿಯನ್‌ಗೆ ಉತ್ತರ’ ತನ್ನ ಜನರಿಗೆ ಸಲ್ಲಿಸಿದ ದೊಡ್ಡ ಸೇವೆ. ಪಾಂಪೆ, ಕ್ರಾಸಸ್, ಟೈಟಸ್ ಎಲ್ಲರೂ ದೇವಾಲಯವನ್ನು ಹೊಕ್ಕರಲ್ಲ, ಅವರಲ್ಲಿ ಒಬ್ಬರಿಗಾದರೂ ಕತ್ತೆತಲೆ ಕಂಡಿತೇ ಎಂದು ಅವನು ಕೇಳುತ್ತಾನೆ. ಒಬ್ಬ ಗ್ರೀಕನ ಕರುಳು ಅಷ್ಟು ಸಾವಿರ ಯಹೂದಿಗಳಿಗೆ ಹೇಗೆ ಸಾಕಾದೀತು ಎನ್ನುತ್ತಾನೆ. ಆರೋಪಗಳನ್ನು ಮುಚ್ಚಿಡದೆ, ಎದುರಾಳಿಗಳ ಪುಸ್ತಕಗಳಿಂದ ಉದ್ದುದ್ದ ಭಾಗಗಳನ್ನು ಎತ್ತಿಟ್ಟು ಉತ್ತರಿಸುತ್ತಾನೆ. ಮನೆಥೊ, ಲೈಸಿಮಾಕಸ್, ಮೊಲೊನ್, ಅಪಿಯನ್ ಹೇಳಿದ ಕಥೆಗಳು ನಮಗೆ ತಿಳಿದಿರುವುದು ಹೆಚ್ಚಾಗಿ ಈ ಪುಸ್ತಕದಿಂದಲೇ. ಕ್ಲಿಯಾರ್ಕಸನ ಹೊಗಳಿಕೆ ಉಳಿದದ್ದೂ ಇದರಲ್ಲೇ.

ಕೆಲವೇ ವರ್ಷಗಳ ನಂತರ ಅದೇ ರೋಮಿನಲ್ಲಿ ಇತಿಹಾಸಕಾರ ಟ್ಯಾಸಿಟಸ್ ತನ್ನ ‘ಹಿಸ್ಟರೀಸ್’ ಗ್ರಂಥದ ಐದನೇ ಭಾಗ ಬರೆದ. ಜೆರುಸಲೇಮಿನ ಪತನವನ್ನು ವರ್ಣಿಸುವ ಮುನ್ನ ಯಹೂದಿಗಳ ಮೂಲದ ಬಗ್ಗೆ ಆರು ಕಥೆಗಳನ್ನು ಕೊಟ್ಟ. ಕ್ರೀಟ್ ದ್ವೀಪದವರು, ಹೋಮರ್ ಹಾಡಿದ ಸೊಲಿಮಿ ಜನ ಎಂಬಂಥ ಗೌರವದ ಕಥೆಗಳೂ ಅದರಲ್ಲಿವೆ. ಆದರೆ ಹೆಚ್ಚಿನವರು ಒಪ್ಪುವುದು ಇದನ್ನೇ ಎಂದು ರೋಗಿಷ್ಠರ ಉಚ್ಚಾಟನೆಯ ಕಥೆಗೆ ವಿಸ್ತಾರವಾಗಿ ಜಾಗ ಕೊಟ್ಟ. ತಮ್ಮೊಳಗೆ ಅಚಲ ನಿಷ್ಠೆ, ಕರುಣೆ; ಉಳಿದವರೆಲ್ಲರ ಮೇಲೆ ಶತ್ರುವಿನಂಥ ದ್ವೇಷ ಎಂದು ತೀರ್ಪಿತ್ತ. ಮತಾಂತರಗೊಂಡವರು ದೇವರುಗಳನ್ನು ತಿರಸ್ಕರಿಸಲು, ದೇಶವನ್ನು ತೊರೆಯಲು ಮೊದಲು ಕಲಿಯುತ್ತಾರೆ ಎಂದ. ಬೇಡದ ಶಿಶುವನ್ನು ಕೊಲ್ಲುವುದು ಅವರಲ್ಲಿ ಪಾಪ ಎಂಬುದನ್ನೂ ವಿಚಿತ್ರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದ. ಮರುಭೂಮಿಯಲ್ಲಿ ನೀರಿನ ದಾರಿ ತೋರಿದ ಕಾಡುಕತ್ತೆಯ ವಿಗ್ರಹವನ್ನು ಗರ್ಭಗುಡಿಯಲ್ಲಿ ಇಟ್ಟಿದ್ದಾರೆ ಎಂದವನೇ, ಕೆಲವೇ ಸಾಲುಗಳ ಆಚೆ ಅವರು ದೇವರನ್ನು ಮನಸ್ಸಿನಲ್ಲಷ್ಟೇ ಕಾಣುತ್ತಾರೆ, ಅವರ ಗುಡಿಯಲ್ಲಿ ಯಾವ ವಿಗ್ರಹವೂ ಇಲ್ಲ ಎಂದ. ಕೇಳಿದ ಕಥೆ ಮತ್ತು ತಿಳಿದ ಸತ್ಯ ಡಿಕ್ಕಿ ಹೊಡೆದರೂ ಅವನು ಎರಡನ್ನೂ ಉಳಿಸಿಕೊಂಡ.

ಗ್ರೀಕ್, ರೋಮನ್ ಲೇಖಕರ ಈ ಮಾತುಗಳನ್ನು ಹೇಗೆ ಅರ್ಥೈಸಬೇಕೆಂಬ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮೆನಾಹೆಮ್ ಸ್ಟರ್ನ್ 1974ರಿಂದ 1984ರವರೆಗೆ ಮೂರು ಸಂಪುಟಗಳಲ್ಲಿ ಈ ಎಲ್ಲ ಬರಹಗಳನ್ನು ಒಟ್ಟುಗೂಡಿಸಿದ ಮೇಲೆ ಚರ್ಚೆ ಹೊಸ ಹುರುಪು ಪಡೆಯಿತು. ಈಜಿಪ್ಟಿಯನ್ನರು, ಸಿರಿಯದವರು, ಗಾಲ್ ಜನ ಯಾರನ್ನೂ ರೋಮನ್ನರು ಬಿಟ್ಟವರಲ್ಲ, ಯಹೂದಿಗಳ ಬಗೆಗಿನ ಮಾತೂ ಅಂಥದ್ದೇ ಎಂದು ಎರಿಕ್ ಗ್ರೂಯೆನ್ ಹೇಳುತ್ತಾರೆ. ಇಡೀ ಮನುಕುಲದ ವೈರಿಗಳೆಂಬ ಆರೋಪಕ್ಕೆ ಸಾಟಿಯಿಲ್ಲ, ಅದು ಬೇರೆಯೇ ಜಾತಿಯ ದ್ವೇಷ ಎಂದು ಶೇಫರ್ ಹೇಳುತ್ತಾರೆ. ದ್ವೇಷಕ್ಕಿಂತ ಆಕರ್ಷಣೆಯೇ ಹೆಚ್ಚಿತ್ತೆಂಬುದು ಲೂಯಿ ಫೆಲ್ಡ್‌ಮನ್ ಅವರ ವಾದ. ಮೆಚ್ಚುಗೆಯ ದನಿಗಳು ಎಂದೂ ಪೂರ್ತಿ ಅಡಗಲಿಲ್ಲ ಎಂಬುದಂತೂ ನಿಜ. ಸಾಹಿತ್ಯದ ಭವ್ಯತೆಯ ಬಗ್ಗೆ ಬರೆದ ಗ್ರೀಕ್ ವಿಮರ್ಶಕನೊಬ್ಬ ಸೃಷ್ಟಿಯ ಬೆಳಕಿನ ಬಗೆಗಿನ ಬೈಬಲ್ ಮಾತನ್ನು ಭವ್ಯತೆಗೆ ಉದಾಹರಣೆಯಾಗಿ ಕೊಟ್ಟಿದ್ದಾನೆ. 2ನೇ ಶತಮಾನದ ತತ್ತ್ವಜ್ಞಾನಿ ನ್ಯೂಮೇನಿಯಸ್ ಪ್ಲೇಟೊನನ್ನು ಗ್ರೀಕ್ ಮಾತಾಡುವ ಮೋಶೆ ಎಂದೇ ಭಾವಿಸಿದ್ದ. 4ನೇ ಶತಮಾನದ ಚಕ್ರವರ್ತಿ ಜೂಲಿಯನ್ ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿಸಲು ಹೊರಟಿದ್ದ.

ಉಳಿದುಕೊಂಡ ಆರೋಪ

ಆರೋಪ ಮಾತ್ರ ಹೊಸ ಗುರಿಗಳನ್ನು ಹುಡುಕಿಕೊಳ್ಳುತ್ತ ಹೋಯಿತು. ಮನುಕುಲದ ದ್ವೇಷವೆಂಬ ಮಾತನ್ನು ಟ್ಯಾಸಿಟಸ್ ತನ್ನ ಕೊನೆಯ ಕೃತಿಯಲ್ಲಿ ಕ್ರೈಸ್ತರ ಮೇಲೂ ಹೊರಿಸಿದ. ಕತ್ತೆತಲೆಯ ದೇವರೂ ಕ್ರೈಸ್ತರ ಹೆಗಲೇರಿತು: ರೋಮಿನ ಪ್ಯಾಲಟೈನ್ ಬೆಟ್ಟದ ಗೋಡೆಯೊಂದರಲ್ಲಿ, ಶಿಲುಬೆಯ ಮೇಲಿನ ಕತ್ತೆತಲೆಯ ಮನುಷ್ಯನಿಗೆ ಭಕ್ತನೊಬ್ಬ ನಮಿಸುವ ಅಣಕಚಿತ್ರ ಸಿಕ್ಕಿದೆ. ಕ್ರೈಸ್ತ ಲೇಖಕ ಟೆರ್ಟುಲಿಯನ್ ಈ ಸುಳ್ಳಿನ ಜಾಡು ಹಿಡಿದು ಹೊರಟು ಟ್ಯಾಸಿಟಸನನ್ನೇ ಹೆಸರಿಸಿ ಖಂಡಿಸಿದ. ಆದರೆ ಕ್ರೈಸ್ತಧರ್ಮ ಸಾಮ್ರಾಜ್ಯದ ಧರ್ಮವಾದ ಮೇಲೆ ಯಹೂದಿಗಳ ವಿರುದ್ಧ ಅದರದೇ ಹೊಸ ಆರೋಪಗಳು ಹುಟ್ಟಿದವು. ನವೋದಯ ಕಾಲದಲ್ಲಿ ಟ್ಯಾಸಿಟಸ್ ಯೂರೋಪಿನ ವಿದ್ಯಾವಂತರ ಕೈಗೆ ಮತ್ತೆ ಬಂದ. 18ನೇ ಶತಮಾನದಲ್ಲಿ ವೋಲ್ಟೇರ್ ಪ್ರಾಚೀನರ ಈ ಮಾತುಗಳನ್ನು ಬಳಸಿಕೊಂಡ. 1879ರಲ್ಲಿ ಬರ್ಲಿನ್ನಿನ ಇತಿಹಾಸಕಾರ ಟ್ರೈಚ್ಕೆ ಯಹೂದಿಗಳ ವಿರುದ್ಧ ಲೇಖನ ಬರೆದಾಗಲೂ ಟ್ಯಾಸಿಟಸನ ಹೆಸರು ನೆರವಿಗೆ ಬಂತು.

ಅಲೆಕ್ಸಾಂಡ್ರಿಯದ ಗಲಭೆಕೋರರು ಒಂದು ತಲೆಮಾರಿನಲ್ಲಿ ಮಣ್ಣಾದರು. ಪಂಡಿತರ ವಾಕ್ಯಗಳು ಇಪ್ಪತ್ತು ಶತಮಾನ ಬಾಳಿದವು. ಮೆಗಸ್ತನೀಸನೂ ಟ್ಯಾಸಿಟಸನೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ಯಹೂದಿಗಳ ಧರ್ಮಗ್ರಂಥ ಓದಿದ ಕುರುಹಿಲ್ಲ. ಮೆಗಸ್ತನೀಸನ ಕಾಲಕ್ಕೆ ಅದು ಗ್ರೀಕ್ ಭಾಷೆಯಲ್ಲಿ ಇರಲಿಲ್ಲ. ಟ್ಯಾಸಿಟಸನ ಕಾಲಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇತ್ತು. ಜೋಸೆಫಸ್ ಯಹೂದಿಗಳ ಇತಿಹಾಸವನ್ನು ಗ್ರೀಕ್ ಭಾಷೆಯಲ್ಲಿ ಇಪ್ಪತ್ತು ಭಾಗಗಳಲ್ಲಿ ಅದೇ ರೋಮ್ ನಗರದಲ್ಲಿ ಬರೆದು ಮುಗಿಸಿದ್ದ. ತಿಳಿಯಲು ದಾರಿಯಿಲ್ಲದೆ ಬರೆದದ್ದು ಕಲ್ಪನೆ. ದಾರಿಯಿದ್ದೂ ಕೇಳದೆ ಬರೆದದ್ದು ಅನ್ಯಾಯ. ಪಕ್ಕದ ಮನೆಯವರ ಧರ್ಮದ ಬಗ್ಗೆ ಅವರ ವೈರಿಗಳನ್ನಷ್ಟೇ ಕೇಳಿ ಚರಿತ್ರೆ ಬರೆಯುವ ಪ್ರತಿ ಸಮಾಜಕ್ಕೂ ಈ ಅಳತೆ ಅನ್ವಯಿಸುತ್ತದೆ.